ಸೋದರತ್ತೆಯ ಕಾಯಿಲೆ ಯಾರ ಲೆಕ್ಕಕ್ಕೆ?

ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಪುತ್ತೂರು, ಸುಳ್ಯ, ಕಡಬದ ಕಡೆ ಯಾರಿಗಾದರೂ ಕ್ಯಾನ್ಸರ್ ಬಂತೆಂದರೆ ಮಾತು ಮೊದಲು ಹೋಗುವುದು ಆ ವಿಷದತ್ತ, ಆಮೇಲೆ ಎಲೆಯಡಿಕೆಯತ್ತ. ಮನೆತನದತ್ತ ಹೋಗುವುದು ಕಡಿಮೆ. ಹೋದರೂ ದನಿ ತಗ್ಗಿಸಿ, ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ ನೋಡಿ. ಆದರೆ ಸ್ತನ ಕ್ಯಾನ್ಸರಿನಲ್ಲಿ 100ಕ್ಕೆ 5ರಿಂದ 10 ವಂಶದಿಂದ ಬರುವಂಥದ್ದು.

ಇದನ್ನು ಬಹಿರಂಗವಾಗಿ ಎದುರಿಸಿದವರು ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳು. ಅವರಲ್ಲಿ ಸುಮಾರು 40ಕ್ಕೆ ಒಬ್ಬರು, ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ದಾರಿಮಾಡುವ ಬಿಆರ್‌ಸಿಎ ವಂಶವಾಹಿಯ ದೋಷ ಹೊತ್ತಿರುತ್ತಾರೆ, ಅದೂ ಹೆಚ್ಚಾಗಿ ಮೂರೇ ಬಗೆಯದು. ಶತಮಾನಗಳ ಹಿಂದೆ ಚಿಕ್ಕದಾಗಿದ್ದ ಸಮುದಾಯ ತನ್ನೊಳಗೇ ಹೆಣ್ಣು ಕೊಟ್ಟು ತಂದು ಬೆಳೆದದ್ದರ ಫಲ. ಮನೆಯಲ್ಲಿ ಕ್ಯಾನ್ಸರ್ ಇತ್ತೇ ಎಂದು ಕೇಳಿ ಪರೀಕ್ಷಿಸಿದರೆ ಸುಮಾರು ಅರ್ಧದಷ್ಟು ಮಂದಿ ತಪ್ಪಿಹೋಗುತ್ತಾರೆಂದು ತಿಳಿದ ಮೇಲೆ ಅಶ್ಕೆನಾಜಿ ಮಹಿಳೆಯರಿಗೆಲ್ಲ ಇಸ್ರೇಲ್ ಪರೀಕ್ಷೆ ತೆರೆಯಿತು. ಇಂಗ್ಲೆಂಡ್ 2024ರಲ್ಲಿ ಯಹೂದಿ ಮೂಲದವರಿಗೆ ಎಂಜಲಿನ ಪರೀಕ್ಷೆಯನ್ನು ಉಚಿತವಾಗಿ ಕೊಡತೊಡಗಿತು.

ನಮ್ಮ ಜಾತಿಗಳ ಕಥೆ ಬೇರೆಯೇನಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್ ಮತ್ತು ಹಾರ್ವರ್ಡಿನ ಸಂಗಡಿಗರು 2017ರಲ್ಲಿ ಪ್ರಕಟಿಸಿದಂತೆ, ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳ ಪೈಕಿ 81ರಲ್ಲಿ, ಕೆಲವೇ ಪೂರ್ವಜರಿಂದ ಬೆಳೆದು ಬಂದ ಗುರುತು ಅಶ್ಕೆನಾಜಿಗಳಿಗಿಂತ ಗಾಢ. ಗೋತ್ರ, ಬರಿ (ತುಳುವರಲ್ಲಿ ತಾಯಿಯ ಕಡೆಯ ಕುಲ) ನೋಡಿಯೇ ಮದುವೆ ಮಾಡುತ್ತೇವಲ್ಲ ಎನ್ನಬಹುದು. ಹತ್ತಿರದ ಸಂಬಂಧ ಅದರಿಂದ ಒಂದಷ್ಟು ತಪ್ಪೀತು. ಇಡೀ ಜಾತಿಗೆ ಹಂಚಿಹೋದ ಹಳೆಯ ದೋಷ ತಪ್ಪದು.

ಗೋತ್ರ, ಬರಿಯ ಈ ಲೆಕ್ಕಾಚಾರದಲ್ಲೇ ಇನ್ನೊಂದು ತೊಡಕಿದೆ. ಬಂಟರು, ಬಿಲ್ಲವರ ಬರಿ ತಾಯಿಯಿಂದ, ಹವ್ಯಕರ ಗೋತ್ರ ತಂದೆಯಿಂದ. ವಂಶವಾಹಿ ಎರಡೂ ಕಡೆಯಿಂದ ಅರ್ಧರ್ಧ. ‘ಮನೆಯಲ್ಲಿ ಯಾರಿಗಾದರೂ ಇತ್ತಾ?’ ಎಂದು ಡಾಕ್ಟರು ಕೇಳಿದರೆ ‘ಇಲ್ಲ’ ಎನ್ನುವ ಹೆಂಗಸಿಗೆ, ಎಂದೋ ಮದುವೆಯಾಗಿ ಹೋಗಿ ಎದೆಯ ಗಂಟಿನಿಂದ ತೀರಿಕೊಂಡ ಸೋದರತ್ತೆ ಲೆಕ್ಕಕ್ಕೇ ಬರುವುದಿಲ್ಲ. ಆಕೆ ‘ಆ ಮನೆಯವರು’. ಆ ದೋಷ ತಂದೆಗೂ ಬಂದಿರಬಹುದು, ಅವರಿಗೆ ಏನೂ ಆಗದೆಯೇ ಮಗಳಿಗೆ ದಾಟಿರಬಹುದು.

ಹಾಗಾದರೆ ಇಲ್ಲೂ ಜಾತಿವಾರು ಪರೀಕ್ಷೆ ಮಾಡೋಣವೇ? ಈಗ ಬೇಡ ಎಂಬುದು ನನ್ನ ಮತ. ಯಾವ ಜಾತಿಯಲ್ಲಿ ಯಾವ ದೋಷವೆಂದು ಗೊತ್ತಾಗುವ ಮೊದಲೇ ಹುಡುಕಹೊರಟರೆ ‘ಏನೂ ಇಲ್ಲ’ ಎಂಬ ವರದಿಯನ್ನು ಪೂರ್ತಿ ನಂಬುವಂತಿಲ್ಲ. ಇದೆ ಎಂದಾದರೂ ವರ್ಷವರ್ಷ ಎಂಆರ್‌ಐ, ಬೇಕಾದರೆ ಅಂಡಾಶಯ ತೆಗೆಸುವುದು, ಇದಕ್ಕೆಲ್ಲ ಕಡಬದಿಂದ ಮಂಗಳೂರಿಗೆ ಓಡಾಡುವವರು ಯಾರು, ದುಡ್ಡು ಯಾರದ್ದು? ಮದುವೆ ದಲ್ಲಾಳಿಯ ಬಾಯಿಗೆ ‘ಆ ಜಾತಿಯವರಿಗೆ ಕ್ಯಾನ್ಸರ್’ ಎಂಬ ಮಾತು ಬಿದ್ದರಂತೂ ಮುಗಿಯಿತು. ಮದುವೆಗೆ ಮುನ್ನ ಯಹೂದಿಗಳ ವಂಶವಾಹಿ ಪರೀಕ್ಷಿಸುವ ನ್ಯೂಯಾರ್ಕಿನ ದೋರ್ ಯೆಶೋರಿಮ್ ಸಂಸ್ಥೆ ಹೆಸರಿನ ಬದಲು ಸಂಖ್ಯೆ ಕೊಟ್ಟು, ಜೋಡಿ ಹೊಂದುತ್ತದೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಜಾಣ ಉಪಾಯ, ಆದರೆ ಗಂಡು ಹೆಣ್ಣು ಇಬ್ಬರಲ್ಲೂ ದೋಷವಿದ್ದರೆ ಮಾತ್ರ ಮಗುವಿಗೆ ಬರುವ ರೋಗಗಳಿಗೆ ಸರಿ. ಬಿಆರ್‌ಸಿಎಗೆ ಒಬ್ಬರೇ ಸಾಕು.

ಆದ್ದರಿಂದ ಕಾಯಿಲೆ ಬಂದವಳಿಂದಲೇ ಶುರುಮಾಡಬೇಕು. ಅವಳ ಪರೀಕ್ಷೆ, ದೋಷ ಸಿಕ್ಕರೆ ಒಡಹುಟ್ಟಿದವರು, ಮಕ್ಕಳು, ದೋಷ ಬಂದ ಕಡೆಯ ಚಿಕ್ಕಮ್ಮ, ಅತ್ತೆ, ಮಾವಂದಿರು, ಒಪ್ಪಿದವರಿಗೆ ಮಾತ್ರ. ಯಹೂದಿಗಳ ಅನುಭವದಂತೆ ಇದರಲ್ಲಿ ಬಹಳ ಮಂದಿ ತಪ್ಪಿಹೋಗುತ್ತಾರೆ, ನಿಜ. ಆದರೆ ಹೀಗೆ ಸಿಕ್ಕ ದೋಷಗಳೇ ಮುಂದಿನ ಪರೀಕ್ಷೆಗೆ ಪಟ್ಟಿಯಾಗುತ್ತವೆ. 30 ದಾಟಿದವರಿಗೆ ಆಶಾ ಕಾರ್ಯಕರ್ತೆ ತುಂಬುವ ಫಾರ್ಮಿನಲ್ಲಿ ತಂದೆತಾಯಿ, ಒಡಹುಟ್ಟಿದವರ ಬಿಪಿ, ಶುಗರ್, ಹೃದ್ರೋಗದ ಪ್ರಶ್ನೆಯಿದೆ. ಅದರ ಕೆಳಗೆ ಎರಡೂ ಕಡೆಯ ಅಜ್ಜಿ, ಚಿಕ್ಕಮ್ಮ, ಸೋದರತ್ತೆಯರ ಕ್ಯಾನ್ಸರಿಗೆ ಒಂದು ಸಾಲು ಸೇರಿಸಲು ಯಾವ ಪ್ರಯೋಗಾಲಯವೂ ಬೇಕಿಲ್ಲ.