ಹೋತದ ಎತ್ತರ ನೋಡಿ ಹಣ ಕೊಡಬೇಡಿ



ಬಕ್ರೀದ್ ಹತ್ತಿರ ಬಂತೆಂದರೆ ಬೆಳಗಾವಿ ಪೇಟೆಯಲ್ಲಿ ಹೋತಗಳ ದರ ಏರುತ್ತದೆ. ಸಿರೋಹಿ, ಜಮನಾಪಾರಿ ಎಂದು ದೂರದ ತಳಿಯ ಹೆಸರು ಹೇಳಿದರೆ ಸಾಕು, ಜನ ಸುತ್ತ ನೆರೆಯುತ್ತಾರೆ. ಕೊಯ್ಯಲಿಕ್ಕೆ ಕೊಳ್ಳುವವರ ಬಗ್ಗೆ ನಮ್ಮ ತಕರಾರಿಲ್ಲ. ತೂಕಕ್ಕೆ ತಕ್ಕ ಹಣ. ಆದರೆ ಅಂಥದೇ ಹೋತವನ್ನು ತಳಿ ಸುಧಾರಣೆಗೆಂದು ಖಾನಾಪುರಕ್ಕೆ ಒಯ್ದು ಊರ ಹಿಂಡಿಗೆ ಬಿಡುವವರು ಹಣ ಎಣಿಸುವ ಮುಂಚೆ ಸ್ವಲ್ಪ ನಿಲ್ಲಬೇಕು.

ಆಡಿನ ಮೈಯ ಪ್ರತಿಯೊಂದು ಜೀವಕೋಶದಲ್ಲಿ 60 ವರ್ಣತಂತುಗಳಿವೆ. (ಕುರಿಗೆ 54. ಇವೆರಡು ಒಂದೇ ಹಟ್ಟಿಯಲ್ಲಿ ಮಲಗಿದರೂ ಜಾತಿ ಬೇರೆ.) ಅರ್ಧ ತಂದೆಯವು, ಅರ್ಧ ತಾಯಿಯವು. ಬಣ್ಣ, ಕೋಡು, ಹಾಲು, ಬೆಳವಣಿಗೆಗಳನ್ನು ಹೇಳಿಕೊಡುವ ವಂಶವಾಹಿಗಳು ಇವುಗಳಲ್ಲಿ ಇರುತ್ತವೆ. ಆದರೆ ವಂಶವಾಹಿ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡಿತೆಂದು ತಿಳಿಯಬೇಡಿ. ಹಗೇವಿನಲ್ಲಿರುವ ಜೋಳ ತಾನಾಗಿ ಮೊಳೆಯುವುದಿಲ್ಲವಷ್ಟೆ. ನೆಲ, ಹದ, ಕಾಲ ಕೂಡಿ ಬರಬೇಕು. ಹಾಲು ಕುಡಿಯುವ ಮರಿಯ ನಾಲ್ಕನೆಯ ಹೊಟ್ಟೆಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ರಸದ ವಂಶವಾಹಿ ಜೋರಾಗಿ ಕೆಲಸ ಮಾಡುತ್ತದೆ. ಮರಿ ಸೊಪ್ಪು ಕಡಿಯಲು ಕಲಿತು ಹಾಲು ಬಿಡುವ ಹೊತ್ತಿಗೆ ಅದು ತಣ್ಣಗಾಗುತ್ತದೆ. ವಂಶವಾಹಿ ಎಲ್ಲಿಯೂ ಹೋಗಿಲ್ಲ, ಸುಮ್ಮನಾಗಿದೆ ಅಷ್ಟೆ.

ಈ ಸುಮ್ಮನಾಗುವಿಕೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಕೋಡಿನ ಕತೆ ಕೇಳಿ. ಯುರೋಪಿನ ಸಾನೆನ್ ಮೊದಲಾದ ಹಾಲಿನ ಆಡುಗಳಲ್ಲಿ ಕೋಡಿಲ್ಲದವು ಹಾಯುವುದಿಲ್ಲವೆಂದು ಅಲ್ಲಿಯವರು ಬೋಳು ಹೋತಗಳನ್ನೇ ಆರಿಸುತ್ತ ಬಂದರು. ಆಗ ಹಿಂಡಿನಲ್ಲಿ ಹೆಣ್ಣೂ ಅಲ್ಲದ ಗಂಡೂ ಅಲ್ಲದ, ಗಬ್ಬ ಕಟ್ಟದ ಮರಿಗಳು ಹುಟ್ಟತೊಡಗಿದವು. 2001ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಾರಣ ಕಂಡುಹಿಡಿದರು. ಬೋಳು ಆಡುಗಳಲ್ಲಿ ವರ್ಣತಂತುವಿನ ಒಂದು ತುಣುಕು ಬಿಟ್ಟುಹೋಗಿದೆ. ಆ ತುಣುಕು ಸ್ವತಃ ವಂಶವಾಹಿಯಲ್ಲ. ಅಲ್ಲಿಂದ ಬಹಳ ದೂರದಲ್ಲಿರುವ, ಅಂಡಾಶಯ ಬೆಳೆಯಲು ಬೇಕಾದ ಫಾಕ್ಸ್‌ಎಲ್2 ಎಂಬ ವಂಶವಾಹಿಯನ್ನು ನಡೆಸುವ ಗುಂಡಿ ಇದ್ದಂತೆ. ತಂದೆ ತಾಯಿ ಇಬ್ಬರಿಂದಲೂ ಗುಂಡಿಯಿಲ್ಲದ ತಂತುವೇ ಬಂದರೆ, ಹೆಣ್ಣಾಗಬೇಕಾದ ಮರಿಯಲ್ಲಿ ಆ ವಂಶವಾಹಿ ಬಾಯಿ ಬಿಡುವುದೇ ಇಲ್ಲ. ಅಂಡಾಶಯದ ಜಾಗದಲ್ಲಿ ವೃಷಣ ಬೆಳೆಯುತ್ತದೆ. ವಂಶವಾಹಿ ಮಾತ್ರ ಒಂದಕ್ಷರ ತಪ್ಪಿಲ್ಲದೆ ಇದ್ದಲ್ಲಿಯೇ ಇರುತ್ತದೆ!

ಲೆಕ್ಕ ಸರಳ. ಬೋಳುತನಕ್ಕೆ ಒಬ್ಬರ ಕಡೆಯಿಂದ ಬಂದರೂ ಸಾಕು. ಈ ದೋಷಕ್ಕೆ ಇಬ್ಬರ ಕಡೆಯಿಂದಲೂ ಬರಬೇಕು. ಒಂದೊಂದೇ ಪಾಲು ಹೊತ್ತ ಬೋಳು ಹೋತ, ಬೋಳು ಆಡು ಕೂಡಿದರೆ ಹೆಣ್ಣಾಗಬೇಕಾದ ನಾಲ್ಕು ಮರಿಗಳಲ್ಲಿ ಒಂದು ಕೆಡುವ ಸಂಭವವಿದೆ. ಜೋಡಿಯಲ್ಲಿ ಒಂದಕ್ಕೆ ಕೋಡಿದ್ದರೆ ಈ ಭಯವಿಲ್ಲ. ಸಾನೆನ್ ರಕ್ತ ನಮ್ಮ ದೇಶಕ್ಕೂ ಬಂದಿದೆ. ಕರ್ನಾಲಿನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಲ್ಲಿ ಬೀಟಲ್ ಆಡುಗಳ ಜೊತೆ ಅದನ್ನು ಮಿಶ್ರ ಮಾಡಿದ್ದರು. ಪೇಟೆಯಲ್ಲಿ ಕಟ್ಟಿದ ಹೋತದ ಅಜ್ಜ ಯಾವನೆಂದು ದಲಾಲಿ ಹೇಳಬಲ್ಲನೇ? ಆದ್ದರಿಂದ ನಿಮ್ಮ ಆಡುಗಳಲ್ಲಿ ಬೋಳು ಇದ್ದರೆ ಹೋತ ಕೋಡಿನದೇ ಇರಲಿ.

ಇನ್ನು ಹವೆಯ ಮಾತು. ಖಾನಾಪುರ ತಾಲೂಕು ಒಂದೇ ಎನ್ನುತ್ತೇವೆ, ಆದರೆ ಇಟಗಿ, ಬೀಡಿ ಕಡೆಯ ಬಯಲೇ ಬೇರೆ, ಜಾಂಬೋಟಿ, ಕಣಕುಂಬಿಯ ಕಾಡುಮಳೆಯೇ ಬೇರೆ. ಮರುಭೂಮಿಯ ಒಣಹವೆಯಲ್ಲಿ ಎತ್ತರ ಬೆಳೆದ ತಳಿಯ ಮರಿ ಜಾಂಬೋಟಿಯ ಆಷಾಢದಲ್ಲಿ ಒದ್ದೆ ನೆಲದ ಮೇಲೆ ನಿಂತು ಗೊರಸು ಕೊಳೆತು, ಜಂತುಹುಳು ತುಂಬಿ ಸೊರಗಿದರೆ ಅದರ ಬೆಳವಣಿಗೆಯ ವಂಶಗುಣ ಹೊರಬರುವುದು ಎಲ್ಲಿಂದ? ಬಯಲ ಕಡೆಯವರಿಗೆ ಉಸ್ಮಾನಾಬಾದಿ ಇದೆ. ಈಗಿನ ಧಾರಾಶಿವ ಜಿಲ್ಲೆಯ ಆ ಕರಿ ಆಡು ಅವಳಿಗೆ ಹೆಸರಾದದ್ದು. ಘಟ್ಟದ ಕಡೆಯವರು ಅಂಬೋಲಿ ಇಳಿದು ಸಿಂಧುದುರ್ಗದ ಕೊಂಕಣ ಕನ್ಯಾಳ ತಳಿಯನ್ನು ನೋಡಿ ಬರಲಿ. ಅದು ಮಳೆಯಲ್ಲೇ ಬಾಳಿದ ತಳಿ. ಊರ ಆಡನ್ನು ಹೀಗಳೆಯುವವರ ಮಾತನ್ನಂತೂ ನಾವು ಒಪ್ಪುವುದಿಲ್ಲ.

ಅವಳಿ ಮರಿಯ ಆಸೆ ಎಲ್ಲರಿಗೂ ಇದೆ. ಅದರಲ್ಲಿ ವಂಶದ ಪಾಲು ಕಡಿಮೆ, ಮೇವಿನ ಪಾಲು ಹೆಚ್ಚು. ಹೋತ ಬಿಡುವ ಎರಡು ಮೂರು ವಾರ ಮೊದಲು ಆಡಿಗೆ ದಿನಾಲು ಒಂದಿಷ್ಟು ಗೋವಿನಜೋಳ, ಹಿಂಡಿ ಕೊಡಿ. ಬಡಕಲು ಆಡು ಹೆಚ್ಚು ಅಂಡ ಬಿಡಲು ಇದರಿಂದ ಅನುಕೂಲ. ಗಬ್ಬ ಐದು ತಿಂಗಳು. ಮೇ ಕೊನೆಗೆ ಹೋತ ಬಿಟ್ಟರೆ ಮರಿ ಅಕ್ಟೋಬರ್ ಕೊನೆಗೆ, ಮಳೆ ಹಿಂದೆ ಸರಿದ ಮೇಲೆ ನೆಲಕ್ಕೆ ಬೀಳುತ್ತದೆ. ಘಟ್ಟದವರು ಇದೊಂದನ್ನು ಪಾಲಿಸಿದರೂ ಸಾಯುವ ಮರಿಗಳು ಎಷ್ಟೋ ಉಳಿಯುತ್ತವೆ.

2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆ 500 ಆಡಿಗೆ 25 ಹೋತ ಎಂದು ಲೆಕ್ಕ ಹಾಕಿ ಸಹಾಯಧನ ಕೊಟ್ಟಿತು. ಎಂದರೆ ಇಪ್ಪತ್ತಕ್ಕೆ ಒಂದು. ಐದಾರು ಆಡಿನ ಮನೆಯವರು ಪ್ರತಿಯೊಬ್ಬರೂ ಹೋತ ಸಾಕಬೇಕಿಲ್ಲ. ಮೂರು ನಾಲ್ಕು ಮನೆ ಕೂಡಿ ಒಂದು ಇಡಿ, ಎರಡು ವರ್ಷಕ್ಕೆ ಪಕ್ಕದ ಊರಿನವರೊಡನೆ ಅದಲು ಬದಲು ಮಾಡಿ. ಇಲ್ಲದಿದ್ದರೆ ಹೋತ ತನ್ನ ಮಗಳನ್ನೇ ಹಾರಿ, ಅಡಗಿದ್ದ ದೋಷಗಳು ಮರಿಯಲ್ಲಿ ಜೋಡಿಯಾಗುತ್ತವೆ.

ಹೋತವನ್ನು ಆರಿಸುವಾಗ ಅದರ ತಾಯಿಯನ್ನು ನೋಡಿ: ಎಷ್ಟು ಸೂಲು ಹಾಕಿದೆ, ಎಷ್ಟು ಮರಿ ಬದುಕಿದವು, ಕೆಚ್ಚಲು ಹೇಗಿದೆ. ಸರಕಾರ ಹೋತ ಹಂಚುವಾಗಲೂ ಈ ಲೆಕ್ಕದ ಚೀಟಿ ಕೊಡಬೇಕೆಂದು ಕೇಳುವುದು ನಿಮ್ಮ ಹಕ್ಕು. ಅಲ್ಲಿಯವರೆಗೆ ನಿಮ್ಮ ವಾಚನಾಲಯದ ಮೇಜಿನ ಮೇಲೆಯೇ ಒಂದು ವಹಿ ಇಡಿ. ಯಾರ ಆಡು, ಯಾವ ಹೋತ, ಯಾವ ದಿನ ಈಯಿತು, ಎಷ್ಟು ಮರಿ, ಎಷ್ಟು ಉಳಿದವು ಎಂದು ಬರೆಯುತ್ತ ಹೋಗಿ. ಬರೆಯಲು ಬಾರದವರ ಲೆಕ್ಕವನ್ನು ಶಾಲೆಗೆ ಹೋಗುವ ಹುಡುಗರು ಬರೆದುಕೊಡಲಿ.