ಭೂತಾನದ ಅಡಿಕೆ, ಭೂತಾನದ ನದಿ

2022ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಒಂದು ಪುಟ್ಟ ಅಧಿಸೂಚನೆಯನ್ನು ಹೊರಡಿಸಿತು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ನಿರ್ಬಂಧವಿಲ್ಲದೆ ಪಶ್ಚಿಮ ಬಂಗಾಳದ ಜೈಗಾಂವ್ ಗಡಿಠಾಣೆಯ ಮೂಲಕ ತರಬಹುದು ಎಂಬುದು ಅದರ ಸಾರ. ಆಗ ಆ ಕನಿಷ್ಠ ಬೆಲೆ ಕಿಲೋಗೆ 251 ರೂಪಾಯಿ ಇತ್ತು. ಮರುವರ್ಷ ಅದು 351 ಆಯಿತು. ಮಲೆನಾಡಿನಲ್ಲಿ ಕೊಯ್ಲು ಹತ್ತಿರವಾಗುತ್ತಿದ್ದ ಹೊತ್ತಿನಲ್ಲಿ ಬಂದ ಈ ಸುದ್ದಿ ತೋಟದಿಂದ ತೋಟಕ್ಕೆ ಕಾಳ್ಗಿಚ್ಚಿನಂತೆ ಹಬ್ಬಿತು. ಸಭೆಗಳು ನಡೆದವು, ಮನವಿಗಳು ಸಿದ್ಧವಾದವು. ಮಿತ್ರರಾಷ್ಟ್ರದ ಹೆಸರು ಅಡಿಕೆ ಮಂಡಿಯಲ್ಲಿ ಬೈಗುಳವಾಗಿ ಕೇಳಿಬರತೊಡಗಿತು.

ಈ ಲೇಖಕನೂ ಅಂಥದೊಂದು ಮನವಿಗೆ ಸಹಿ ಹಾಕಿದವನೇ. ಆ ಸಹಿಯನ್ನು ಹಿಂದೆಗೆದುಕೊಳ್ಳುವ ಉದ್ದೇಶ ಈಗಲೂ ಇಲ್ಲ. ಆದರೆ ಪತ್ರವನ್ನು ಅರ್ಧ ಓದಿ ಹಾಕಿದ ಸಹಿ ಅದು ಎಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

ಮೊದಲು ಲೆಕ್ಕವನ್ನೇ ನೋಡೋಣ. ಹಸಿ ಅಡಿಕೆ ಒಣಗಿ ಸುಲಿದಾದ ಮೇಲೆ ತೂಕದ ಕಾಲು ಭಾಗವೂ ಉಳಿಯುವುದಿಲ್ಲವೆಂಬುದು ನಮ್ಮ ಅಂಗಳದ ಮಕ್ಕಳಿಗೂ ಗೊತ್ತು. ಹಾಗಾದರೆ ಅಧಿಸೂಚನೆಯ 17,000 ಟನ್ನು ಒಣ ಅಡಿಕೆಯ ಲೆಕ್ಕದಲ್ಲಿ ಹೆಚ್ಚೆಂದರೆ ನಾಲ್ಕು ಸಾವಿರ ಟನ್ನಿನ ಆಸುಪಾಸು. ಭಾರತದ ಅಡಿಕೆ ಉತ್ಪಾದನೆ ಹತ್ತು ಲಕ್ಷ ಟನ್ನನ್ನು ಮೀರಿದೆ. ಅದರಲ್ಲಿ ಸಿಂಹಪಾಲು ಕರ್ನಾಟಕದ್ದು. ನೂರಕ್ಕೆ ಅರ್ಧ ಪಾಲೂ ಆಗದ ಈ ಸರಕು ನಮ್ಮ ಬೆಲೆಯನ್ನು ನೆಲಕ್ಕೆ ಕೆಡವುತ್ತದೆ ಎನ್ನುವವರು ಒಮ್ಮೆ ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಬಯಲಿನಲ್ಲಿ ಕೊಳವೆಬಾವಿಯ ನೀರು ಕುಡಿದು ಏಳುತ್ತಿರುವ ಅಡಿಕೆ ತೋಟಗಳನ್ನು ನೋಡಿ ಬರಬೇಕು. ಭೂತಾನದ ಹೆಸರಿನಲ್ಲಿ ಬೇರೆ ದೇಶಗಳ ಮಾಲು ನುಸುಳುತ್ತದೆ ಎಂಬ ಆತಂಕ ನಿರಾಧಾರವಲ್ಲ. ಈಶಾನ್ಯದ ಗಡಿಗಳಲ್ಲಿ ಕಳ್ಳ ಅಡಿಕೆ ಸಿಕ್ಕಿಬೀಳುತ್ತಲೇ ಇದೆ. ಆದರೆ ಅದು ಸುಂಕದ ಕಟ್ಟೆಯಲ್ಲಿ ಕುಳಿತವರ ಕಣ್ಣಿನ ದೋಷ. ಅದಕ್ಕೆ ಭೂತಾನದ ರೈತನನ್ನು ಹೊಣೆ ಮಾಡುವುದು ನ್ಯಾಯವಲ್ಲ. ಅಲ್ಲದೆ ಹಸಿ ಅಡಿಕೆಯು ಸಮುದ್ರದಾಚೆಯಿಂದ ಹಡಗಿನಲ್ಲಿ ವಾರಗಟ್ಟಲೆ ಕುಳಿತು ಬರುವ ಸರಕೂ ಅಲ್ಲ.

ಹಾಗಾದರೆ ಆ ಅಡಿಕೆ ಬೆಳೆಯುವವರು ಯಾರು? ಭೂತಾನವೆಂದೊಡನೆ ನಮ್ಮ ಕಣ್ಣಿಗೆ ಹಿಮಶಿಖರ ಬರುತ್ತದೆ. ಅಡಿಕೆ ಬೆಳೆಯುವುದು ಅಲ್ಲಲ್ಲ. ಸಾಮ್‌ಚಿ, ಸರ್ಪಂಗ್, ಸಮ್‌ದ್ರುಪ್ ಜೋಂಗ್‌ಖಾರ್ ಎಂಬ ದಕ್ಷಿಣದ ಜಿಲ್ಲೆಗಳ ತಪ್ಪಲಿನಲ್ಲಿ, ನಮ್ಮ ಘಟ್ಟದಂಥದೇ ಮಳೆ ಮತ್ತು ಜಾರುಮಣ್ಣಿನ ನೆಲದಲ್ಲಿ. ಎಲೆ, ಸುಣ್ಣ ಸೇರಿಸಿ ಅವರು ಮೆಲ್ಲುವ ‘ದೋಮಾ’ ನಮ್ಮ ಕವಳದ ಹತ್ತಿರದ ನೆಂಟ. ಅತಿಥಿಗೆ ಅದನ್ನು ನೀಡದೆ ಮಾತು ತೊಡಗುವುದು ಅಲ್ಲಿಯೂ ಮರ್ಯಾದೆಯಲ್ಲ. ಅಡಿಕೆ, ಏಲಕ್ಕಿ, ಕಿತ್ತಳೆ ಬೆಳೆಯುತ್ತಿದ್ದ ಇದೇ ದಕ್ಷಿಣದ ಬೆಟ್ಟಗಳಿಂದ 1990ರ ನಂತರ ನೇಪಾಳಿ ಮಾತನಾಡುವ ಸುಮಾರು ಒಂದು ಲಕ್ಷ ಜನರು ಹೊರದೂಡಲ್ಪಟ್ಟರು. ಪೂರ್ವ ನೇಪಾಳದ ಶಿಬಿರಗಳಲ್ಲಿ ಅವರು ಹದಿನೈದು ವರ್ಷಗಳಿಗೂ ಮೇಲ್ಪಟ್ಟು ಕೊಳೆತರು. 2007ರ ಈಚೆಗೆ ಬಹುಪಾಲು ಮಂದಿ ಅಮೆರಿಕ ಮೊದಲಾದ ದೂರದೇಶಗಳಿಗೆ ಚದುರಿಹೋದರು. ಆ ಶಿಬಿರಗಳಿಗೆ ಹೋಗಲು ಅವರು ಭಾರತದ ನೆಲವನ್ನೇ ದಾಟಿದ್ದರು. ಅದು ಭೂತಾನ ಮತ್ತು ನೇಪಾಳಗಳ ನಡುವಿನ ವಿಷಯವೆಂದು ನಮ್ಮ ಸರ್ಕಾರಗಳು ಪಕ್ಕಕ್ಕೆ ಸರಿದವು. ಸ್ನೇಹವೆಂಬುದು ಕೆಲವೊಮ್ಮೆ ಇಂಥ ಮೌನದ ಹೆಸರೂ ಹೌದು.

ಆದರೆ ಎರಡು ದೇಶಗಳ ನಡುವಿನ ಕೊಡುಕೊಳ್ಳುವಿಕೆಯ ತಿರುಳು ಅಡಿಕೆಯಲ್ಲ, ನೀರು. 1949ರ ಆಗಸ್ಟ್‌ನಲ್ಲಿ ಡಾರ್ಜಿಲಿಂಗ್‌ನಲ್ಲಿ ಸಹಿಯಾದ ಒಪ್ಪಂದವೇ ಮುಕ್ತ ವ್ಯಾಪಾರದ ಮಾತನ್ನಾಡಿತ್ತು. 1972ರಲ್ಲಿ ಮೊದಲ ವ್ಯಾಪಾರ ಒಪ್ಪಂದವಾಯಿತು. ಅದು ಮತ್ತೆ ಮತ್ತೆ ನವೀಕರಣಗೊಂಡು 2016ರಲ್ಲಿ ಸಹಿಯಾದ ರೂಪದಲ್ಲಿ ನಮ್ಮ ಮುಂದಿದೆ. ಅಲ್ಲಿಯ ನಾಣ್ಯ ಙುಲ್ಟ್ರಮ್‌ನ ಬೆಲೆ ನಮ್ಮ ರೂಪಾಯಿಗೆ ಸಮ. ಇವೆಲ್ಲವೂ ಹಂದರ ಮಾತ್ರ. ಹಂದರದ ಮೇಲೆ ಹಬ್ಬಿದ ಬಳ್ಳಿಯೆಂದರೆ ಜಲವಿದ್ಯುತ್ತು.

ಮೊದಲು ಬಂದದ್ದು ವಾಂಗ್‌ಚು ನದಿಯ ಮೇಲಿನ 336 ಮೆಗಾವ್ಯಾಟಿನ ಚುಖಾ. 1974ರಲ್ಲಿ ಒಪ್ಪಂದವಾಗಿ ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಅದು ವಿದ್ಯುತ್ ಕೊಡತೊಡಗಿತು. ವೆಚ್ಚದ ಶೇಕಡಾ 60 ಭಾಗವನ್ನು ಭಾರತ ದಾನವಾಗಿ ಕೊಟ್ಟಿತು, 40 ಭಾಗವನ್ನು ಸಾಲವಾಗಿ. ಕುರಿಚು ಬಂತು, ಅದೇ ನದಿಯ ಕೆಳಗೆ 1,020 ಮೆಗಾವ್ಯಾಟಿನ ತಾಲಾ ಬಂತು. ಅನುಪಾತ ಹಾಗೆಯೇ ಉಳಿಯಿತು. ಈ ಹಣದಿಂದ ಭೂತಾನದ ಹಳ್ಳಿಗಳಿಗೆ ಬೆಳಕು, ಶಾಲೆ, ಆಸ್ಪತ್ರೆಗಳು ಬಂದವು ಎಂಬುದನ್ನು ಅಲ್ಲಗಳೆಯುವವರು ವಾದಕ್ಕೆ ವಾದ ಹೂಡುವವರಷ್ಟೆ. ನಮ್ಮ ಶರಾವತಿಯಲ್ಲಿ ಮುಳುಗಿದ ಊರುಗಳವರು ಕತ್ತಲಲ್ಲಿ ಕುಳಿತು ಬೆಂಗಳೂರಿನ ಬೆಳಕನ್ನು ಕುರಿತು ಕೇಳಿದ ಕಥೆಗೆ ಹೋಲಿಸಿದರೆ ಭೂತಾನದ ಪ್ರಜೆಗೆ ಸಿಕ್ಕಿದ್ದು ಎಷ್ಟೋ ಹೆಚ್ಚು.

ಬಳಿಕ ಕೈ ಬಿಗಿಯಾಯಿತು. 1,200 ಮೆಗಾವ್ಯಾಟಿನ ಪುನಾತ್ಸಾಂಗ್‌ಚು-1ಕ್ಕೆ ದಾನ 40, ಸಾಲ 60. ಪುನಾತ್ಸಾಂಗ್‌ಚು-2 ಮತ್ತು ಮಾಂಗ್ದೆಚು ಬರುವ ಹೊತ್ತಿಗೆ ದಾನ 30, ಸಾಲ 70; ಬಡ್ಡಿ ಶೇಕಡಾ 10. ಎಂಟು ಲಕ್ಷದಷ್ಟೂ ಜನಸಂಖ್ಯೆಯಿಲ್ಲದ ದೇಶದ ಹೊರಸಾಲದಲ್ಲಿ ಬಹುಪಾಲು ಇಂದು ಜಲವಿದ್ಯುತ್ತಿನದೇ. ಈ ಸಾಲಕ್ಕೆ ಅಂಜಬೇಕಿಲ್ಲ, ವಿದ್ಯುತ್ತು ಮಾರಿ ಅದು ತಾನೇ ತೀರುತ್ತದೆ ಎಂದು ಅರ್ಥಶಾಸ್ತ್ರಜ್ಞರು ಸಮಾಧಾನ ಹೇಳುತ್ತಾರೆ. ವಿದ್ಯುತ್ತು ಹುಟ್ಟಿದರೆ ತಾನೆ!

2009ರಲ್ಲಿ ಎರಡೂ ಸರ್ಕಾರಗಳು 2020ರೊಳಗೆ 10,000 ಮೆಗಾವ್ಯಾಟ್ ಎಂಬ ಗುರಿಯನ್ನು ಘೋಷಿಸಿದ್ದವು. 2020 ಬಂದಾಗ ಭೂತಾನದ ಒಟ್ಟು ಸ್ಥಾಪಿತ ಸಾಮರ್ಥ್ಯ 2,300 ಮೆಗಾವ್ಯಾಟನ್ನು ಸ್ವಲ್ಪ ದಾಟಿತ್ತು. ಕಾರಣ ತಿಳಿಯಬೇಕಾದರೆ ಪುನಾತ್ಸಾಂಗ್‌ಚು ಕಣಿವೆಗೆ ಹೋಗಬೇಕು. 2008ರ ಸುಮಾರಿಗೆ ಅಲ್ಲಿ ಮೊದಲ ಅಣೆಕಟ್ಟಿನ ಕೆಲಸ ಮೊದಲಾಯಿತು. 2013ರ ಜುಲೈನಲ್ಲಿ ಅಣೆಕಟ್ಟಿನ ಸ್ಥಳದಲ್ಲಿ ಬಲದಂಡೆಯ ಗುಡ್ಡ ಕೆಳಕ್ಕೆ ಜಾರಿತು. ಗುಡ್ಡಕ್ಕೆ ಸಿಮೆಂಟು ತುಂಬಿದರು, ಕಬ್ಬಿಣದ ಸರಳು ಹೊಡೆದರು. ಗುಡ್ಡ ಚಲಿಸುವುದನ್ನು ಬಿಡಲಿಲ್ಲ. ಮೊದಲು ಸುಮಾರು 3,500 ಕೋಟಿ ರೂಪಾಯಿ ಎಂದಿದ್ದ ವೆಚ್ಚ 9,000 ಕೋಟಿಯನ್ನು ದಾಟಿತು. ಕೆಳಗಿನ ಎರಡನೆಯ ಯೋಜನೆಯಲ್ಲಿ 2016ರಲ್ಲಿ ಭೂಗರ್ಭದ ಗುಹೆಯೊಂದರ ಮೇಲ್ಛಾವಣಿ ಕುಸಿಯಿತು. 2025ರ ನವೆಂಬರ್‌ನಲ್ಲಿ ನಮ್ಮ ಪ್ರಧಾನಿ ಥಿಂಫುವಿಗೆ ಹೋದಾಗ ಆ ಎರಡನೆಯ ಯೋಜನೆ ಉದ್ಘಾಟನೆಗೊಂಡಿತು. ಅದೇ ಭೇಟಿಯಲ್ಲಿ ಜಾರಿದ ಗುಡ್ಡದ ಬುಡದ ಮೊದಲ ಅಣೆಕಟ್ಟಿನ ಕೆಲಸವನ್ನು ಮತ್ತೆ ಆರಂಭಿಸುವ ನಿರ್ಧಾರವೂ ಆಯಿತು. ಇಂಧನ ಯೋಜನೆಗಳಿಗೆಂದು 4,000 ಕೋಟಿ ರೂಪಾಯಿಗಳ ಹೊಸ ಸಾಲವೂ ಘೋಷಣೆಯಾಯಿತು.

ಆ ನದಿಯ ಮೇಲ್ಭಾಗದಲ್ಲಿ ಏನಿದೆ? ಹಿಮನದಿಗಳು ಕರಗಿ ನಿಂತ ಕೆರೆಗಳಿವೆ. 1994ರ ಅಕ್ಟೋಬರ್‌ನಲ್ಲಿ ಲುಗ್ಗೆ ಎಂಬ ಕೆರೆಯೊಡೆದು ಪೋಚು ನದಿಯಲ್ಲಿ ಬಂದ ನೆರೆ ಪುನಾಖಾದವರೆಗೆ ನುಗ್ಗಿ 20ಕ್ಕೂ ಹೆಚ್ಚು ಜನರನ್ನು ಒಯ್ದಿತು. ಪೋಚುವಿನ ನೀರೇ ಪುನಾತ್ಸಾಂಗ್‌ಚುವಾಗುತ್ತದೆ. ಕೆಳಗೆ ಏನಿದೆ? ಅಳಿವಿನಂಚಿನಲ್ಲಿರುವ ಬಿಳಿಹೊಟ್ಟೆಯ ದೊಡ್ಡ ಬಕ ಮೀನು ಹಿಡಿಯುವ ಮಳಲು ದಂಡೆಗಳಿವೆ. ಇನ್ನೂ ಕೆಳಗೆ ಅದೇ ನದಿ ಸಂಕೋಶ್ ಎಂಬ ಹೆಸರಿನಿಂದ ಅಸ್ಸಾಂ ಮತ್ತು ಬಂಗಾಳದ ಗಡಿಯನ್ನು ಪ್ರವೇಶಿಸುತ್ತದೆ. ವಾಂಗ್‌ಚು ನಮ್ಮಲ್ಲಿ ರೈಡಾಕ್. 2025ರ ಅಕ್ಟೋಬರ್‌ನ ಘೋರ ಮಳೆಯಲ್ಲಿ ತಾಲಾ ಅಣೆಕಟ್ಟಿನ ಬಾಗಿಲುಗಳು ತೆರೆಯದೆ ನೀರು ಕಟ್ಟೆಯ ಮೇಲಿಂದಲೇ ಹರಿಯತೊಡಗಿದಾಗ ಉತ್ತರ ಬಂಗಾಳಕ್ಕೆ ಎಚ್ಚರಿಕೆ ಕಳುಹಿಸಬೇಕಾಯಿತು. ಯೂನಿಟ್ಟಿಗೆ ಇಷ್ಟು ಪೈಸೆ ಎಂಬ ಕರಾರಿನಲ್ಲಿ ಈ ಎಚ್ಚರಿಕೆಗೆ ಯಾವ ಅಂಕಣವಿದೆ? ತಾಲಾದ ನದಿಯನ್ನು ಸುಮಾರು 23 ಕಿಲೋಮೀಟರ್ ಸುರಂಗದಲ್ಲಿ ಒಯ್ಯುವಾಗ ಮೇಲೆ ಬರಿದಾಗುವ ಹೊಳೆಯ ಪಾತ್ರಕ್ಕೆ ಯಾವ ಅಂಕಣ? ಇವನ್ನು ‘ಹರಿವಿನ ಯೋಜನೆ’ ಎಂದು ಕರೆಯುತ್ತಾರೆ. ದೊಡ್ಡ ಜಲಾಶಯ ಇಲ್ಲವಾದ್ದರಿಂದ ಹಾನಿಯೂ ಇಲ್ಲವೆಂಬ ಧ್ವನಿ ಅದರಲ್ಲಿದೆ. ದೊಡ್ಡ ಜಲಾಶಯ ಇಲ್ಲವಾದ್ದರಿಂದಲೇ ನದಿ ಸೊರಗುವ ಚಳಿಗಾಲದಲ್ಲಿ ಭೂತಾನ ತಾನೇ ಭಾರತದಿಂದ ವಿದ್ಯುತ್ತನ್ನು ಕೊಳ್ಳಬೇಕಾಗಿ ಬಂದಿದೆ. ಮಳೆಗಾಲದಲ್ಲಿ ಮಾರಿ ಚಳಿಗಾಲದಲ್ಲಿ ಕೊಳ್ಳುವ ವ್ಯಾಪಾರ ಎಂಥದೆಂದು ಕೊಯ್ಲಿನಲ್ಲಿ ಭತ್ತ ಮಾರಿ ಆಷಾಢದಲ್ಲಿ ಅಕ್ಕಿ ಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಸ್ನೇಹದ ಹಗ್ಗದ ತುದಿ ಯಾರ ಕೈಯಲ್ಲಿದೆ ಎಂಬುದು 2013ರಲ್ಲಿ ಬಯಲಾಯಿತು. ಭೂತಾನದ ಚುನಾವಣೆಗೆ ಎರಡು ವಾರಗಳೂ ಉಳಿದಿರದಾಗ, ಜುಲೈ ಮೊದಲ ದಿನದಿಂದ, ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ಭಾರತ ಕೊಡುತ್ತಿದ್ದ ಸಹಾಯಧನ ನಿಂತಿತು. ಹಳೆಯ ಅವಧಿ ಮುಗಿದದ್ದರಿಂದ ಹಾಗಾಯಿತೆಂಬುದು ಅಧಿಕೃತ ವಿವರಣೆ. ಆಳುವ ಪಕ್ಷ ಸೋತಿತು, ಸಹಾಯಧನ ಮರಳಿತು. ಒಲೆ ಹೊತ್ತಿಸಲಾಗದೆ ಕುಳಿತ ಥಿಂಫುವಿನ ಗೃಹಿಣಿಗೆ ಆ ಎರಡು ವಾರಗಳಲ್ಲಿ ವಿದೇಶಾಂಗ ನೀತಿಯ ಪಾಠ ಪೂರ್ತಿಯಾಗಿರಬೇಕು.

ಆದರೂ ಆ ಸಣ್ಣ ದೇಶ ‘ಆಗದು’ ಎಂದದ್ದುಂಟು. ಭೂತಾನ, ಬಾಂಗ್ಲಾದೇಶ, ಭಾರತ, ನೇಪಾಳಗಳ ನಡುವೆ ಲಾರಿಗಳು ಸರಾಗವಾಗಿ ಓಡಾಡಲೆಂದು 2015ರ ಜೂನ್‌ನಲ್ಲಿ ಥಿಂಫುವಿನಲ್ಲಿಯೇ ಒಂದು ಮೋಟಾರು ವಾಹನ ಒಪ್ಪಂದಕ್ಕೆ ಸಹಿಯಾಯಿತು. ತಮ್ಮ ಕಿರಿದಾದ ಘಟ್ಟದ ರಸ್ತೆಗಳಿಗೂ ಗಾಳಿಗೂ ಈ ಭಾರ ಸಲ್ಲದೆಂಬ ಚರ್ಚೆ ಊರೂರುಗಳಲ್ಲಿ ನಡೆಯಿತು. 2016ರಲ್ಲಿ ಮೇಲ್ಮನೆ ಅದನ್ನು ತಿರಸ್ಕರಿಸಿತು. 2017ರಲ್ಲಿ ಸರ್ಕಾರ ಹಿಂದೆ ಸರಿಯಿತು. ನೆಲದ ಶೇಕಡಾ 60ರಷ್ಟು ಎಂದೆಂದಿಗೂ ಕಾಡಾಗಿಯೇ ಇರತಕ್ಕದ್ದೆಂದು 2008ರ ತನ್ನ ಸಂವಿಧಾನದಲ್ಲಿ ಬರೆದುಕೊಂಡ ದೇಶ ಅದು. ಹಾಗೆಂದು ಅದನ್ನು ಋಷ್ಯಾಶ್ರಮವೆಂದು ಹೊಗಳುವ ಪ್ರವಾಸಿ ಲೇಖನಗಳ ಜಾಡೂ ನಮಗೆ ಬೇಡ. ಫುಂಟ್‌ಶೋಲಿಂಗ್ ಬಳಿಯ ಪಾಸಾಖಾದಲ್ಲಿ ಅಗ್ಗದ ವಿದ್ಯುತ್ತಿನಿಂದ ಫೆರೋಸಿಲಿಕಾನ್ ಕುದಿಸುವ ಕಾರ್ಖಾನೆಗಳ ಹೊಗೆ ಇದೆ. 2019ರ ಜುಲೈನಲ್ಲಿ ಭೂತಾನದ ಒಂದು ಸಾವಿರ ಟನ್ ಜಲ್ಲಿಕಲ್ಲು ಲಾರಿಯಲ್ಲಿ ಧುಬ್ರಿಗೆ ಇಳಿದು, ಬ್ರಹ್ಮಪುತ್ರದ ಹಡಗೇರಿ ಬಾಂಗ್ಲಾದೇಶದ ನಾರಾಯಣಗಂಜ್‌ಗೆ ಹೋದಾಗ ಅದನ್ನು ಪ್ರಾದೇಶಿಕ ಸಹಕಾರದ ಹೊಸ ಅಧ್ಯಾಯವೆಂದು ಕೊಂಡಾಡಲಾಯಿತು. ನದಿಯನ್ನು ಮಾರಿದ ಮೇಲೆ ಬೆಟ್ಟದ ಸರದಿ.

ಇನ್ನು ನಮ್ಮ ಮಾತು. 1981ರಲ್ಲಿ ಶಿರಸಿಯಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ಕುರಿತು ವಿಜ್ಞಾನಿಗಳನ್ನೂ ಅಧಿಕಾರಿಗಳನ್ನೂ ಒಂದೇ ಸಭೆಯಲ್ಲಿ ಕೂರಿಸಿ, ಯೋಜನೆಯ ಲಾಭನಷ್ಟದ ಪಟ್ಟಿಯಲ್ಲಿ ಬಿಟ್ಟುಹೋದದ್ದು ಏನೇನೆಂದು ಲೆಕ್ಕ ಹಾಕಿಸಿದವರು ಅಡಿಕೆ ತೋಟಿಗರೇ. ಮುಳುಗುವ ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ, ತೋಟಕ್ಕೆ ಬೆಲೆ ಕಟ್ಟದ ಲೆಕ್ಕವು ಲೆಕ್ಕವೇ ಅಲ್ಲವೆಂದು ಅವರು ತೋರಿಸಿಕೊಟ್ಟರು. ಯೋಜನೆ ಹಿಂದೆ ಸರಿಯಿತು. ಅದೇ ತೋಟಿಗರ ಮಕ್ಕಳು ಇಂದು ಭೂತಾನದ ಅಡಿಕೆಯ ಟನ್ನುಗಳನ್ನು ಎಣಿಸುವರು. ಭೂತಾನದ ನದಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳರು. ಪುನಾತ್ಸಾಂಗ್‌ಚುವಿನ ಜಾರುಗುಡ್ಡಕ್ಕೆ ಸುರಿಯುವ ಹಣ ನಮ್ಮ ತೆರಿಗೆಯದು, ಅಲ್ಲಿಂದ ಬರುವ ವಿದ್ಯುತ್ತು ನಮ್ಮದೇ ಜಾಲಕ್ಕೆ ಸೇರುತ್ತದೆ. ಇತ್ತ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗಾಗಿ ಸಿಂಗಳೀಕಗಳ ಕಾಡಿನಡಿ ಸುರಂಗ ಕೊರೆಯುತ್ತೇವೆಂದು ಹೊರಟವರ ವಾದವೂ ಅಕ್ಷರಶಃ ಇದೇ: ಗುಡ್ಡ ಗಟ್ಟಿಯಾಗಿದೆ, ಹಾನಿ ಅಲ್ಪ, ದೇಶಕ್ಕೆ ಬೆಳಕು ಬೇಕು. ಗುಡ್ಡ ಗಟ್ಟಿಯಾಗಿದೆ ಎಂಬ ಮಾತನ್ನು ಪುನಾತ್ಸಾಂಗ್‌ಚುವಿನಲ್ಲಿಯೂ ಯಾರೋ ಒಬ್ಬರು ವರದಿಯಲ್ಲಿ ಬರೆದುಕೊಟ್ಟಿದ್ದಿರಬೇಕಲ್ಲ.

ಆದುದರಿಂದ ಮುಂದಿನ ಬೆಳೆಗಾರರ ಸಭೆಗೆ ಮನವಿಯ ಕರಡು ಬಂದಾಗ ಅದಕ್ಕೆ ಎರಡು ಸಾಲು ಸೇರಿಸಿರೆಂದು ಕೇಳುತ್ತೇನೆ. ಜೈಗಾಂವ್‌ನಲ್ಲಿ ಬಂದಿಳಿಯುವ ಪ್ರತಿ ಲಾರಿಯ ಅಡಿಕೆ ಯಾವ ಜಿಲ್ಲೆಯ ಯಾವ ತೋಟದ್ದೆಂಬ ದಾಖಲೆಯನ್ನು ಸರ್ಕಾರ ಪ್ರತಿ ತಿಂಗಳು ಪ್ರಕಟಿಸಲಿ ಎಂಬುದು ಮೊದಲನೆಯದು. ಪುನಾತ್ಸಾಂಗ್‌ಚು-1ರ ಕೆಲಸ ಮತ್ತೆ ಹಿಡಿಯಲು ಆಧಾರವಾದ ಭೂಗರ್ಭ ಅಧ್ಯಯನಗಳನ್ನು, ಹಣ ಕೊಡುವ ನಮ್ಮ ಮುಂದೆಯೂ ಗುಡ್ಡದ ಕೆಳಗೆ ಬದುಕುವ ಅವರ ಮುಂದೆಯೂ ಇಡಲಿ ಎಂಬುದು ಎರಡನೆಯದು. ಕಾಲೇಜು ವಿದ್ಯಾರ್ಥಿಗಳು ಕೈಗೂಡಿಸುವುದಾದರೆ ಇದೇ ಪ್ರಶ್ನೆಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಹತ್ತು ರೂಪಾಯಿ ಸಾಕು. ಮಿತ್ರರಾಷ್ಟ್ರದ ಸಂಬಂಧಕ್ಕೆ ಧಕ್ಕೆಯಾದೀತೆಂದು ಉತ್ತರ ನಿರಾಕರಿಸಿದರೆ ಆ ನಿರಾಕರಣೆಯ ಪತ್ರವನ್ನೇ ನಮಗೆ ಕಳುಹಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಯಥಾವತ್ತಾಗಿ ಅಚ್ಚು ಹಾಕೋಣ.