ಸಮೀಕ್ಷೆಗೆ ಉತ್ತರ ಕೊಟ್ಟವರಿಗೆ ಏನು ಸಿಗಬೇಕು?

ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಶುರುವಾಯಿತು. ಪ್ರಶ್ನೆಗಳು 60. ಮನೆ ಮನೆಗೆ ಹೋಗುವ ಶಿಕ್ಷಕರಿಗೆ 20,000 ರೂಪಾಯಿವರೆಗೆ ಗೌರವಧನ ಅಂತ ಸರಕಾರ ಹೇಳಿತು. ಉತ್ತರ ಹೇಳುವ ಮನೆಯವರಿಗೆ ಏನೂ ಇಲ್ಲ. ಕೇಳುವವರಿಗೆ ದುಡ್ಡು, ಹೇಳುವವರಿಗೆ ಬರೀ ನಮಸ್ಕಾರವಾ ಎಂದು ಯಾರಾದರೂ ಕೇಳಿದರೆ ಅದರಲ್ಲಿ ತಪ್ಪಿಲ್ಲ.

ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿಗೆ ಹಾಕಿದ ಮೇಲೆ ನಡುವೆ ಎದ್ದು ಬರುವ ಹಾಗಿಲ್ಲ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿಗೆ ಕಾಡಿಗೆ ಹೋಗುವವರು. ಹನೂರಿನಲ್ಲಿ ಕೂಲಿಯನ್ನೇ ನಂಬಿದ ಮನೆಗಳು ಬಹಳ. ಇವರಿಗೆಲ್ಲ ಸಮಯವೆಂದರೆ ಕೂಲಿಯೇ.

ಇದನ್ನು ವೈದ್ಯಕೀಯ ಸಂಶೋಧನೆಯವರು ಮೊದಲೇ ಒಪ್ಪಿದ್ದಾರೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ, ಭಾಗವಹಿಸಿದವರಿಗೆ ಪ್ರಯಾಣದ ಖರ್ಚು, ತಪ್ಪಿದ ಕೂಲಿ ಕೊಡಬಹುದು. ಆದರೆ ಆಸೆ ತೋರಿಸಿ ಒಪ್ಪಿಸುವಷ್ಟು ಕೊಡಬಾರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಕ್ತಹೀನತೆ, ರಕ್ತದೊತ್ತಡ ಪರೀಕ್ಷೆಯ ಫಲಿತಾಂಶವನ್ನು ಮನೆಯವರಿಗೇ ತಿಳಿಸುತ್ತಾರೆ. ಇದೂ ಒಂದು ಪ್ರತಿಫಲವೇ. ಅಮೆರಿಕದಲ್ಲಿ ಅಂಚೆ ಮೂಲಕ ನಡೆದ ಸಮೀಕ್ಷೆಗಳ ಅನುಭವವೂ ಇದೆ: ಉತ್ತರ ಬಂದ ಮೇಲೆ ಕೊಡುತ್ತೇವೆ ಎಂಬ ಮಾತಿಗಿಂತ, ಪ್ರಶ್ನೆಪತ್ರದ ಜೊತೆಗೇ ಇಟ್ಟು ಕಳಿಸಿದ ಸಣ್ಣ ನೋಟು ಹೆಚ್ಚು ಉತ್ತರ ತರುತ್ತದೆ.

ಹಾಗಂತ ಸರಕಾರದ ಜಾತಿ ಸಮೀಕ್ಷೆಗೆ ಬಹುಮಾನ ಇಟ್ಟರೆ? ಒಂದು ಮನೆ ಎರಡಾದೀತು, ಲೆಕ್ಕವೇ ಹಾಳಾದೀತು. ಹೆದರಿಕೆ ಅದಕ್ಕಿಂತ ಕೆಟ್ಟದು. "ಹೇಳದಿದ್ದರೆ ಸೌಲಭ್ಯ ಹೋಗುತ್ತೆ" ಎಂಬ ಮಾತಿಗೆ ಅಂಜಬೇಕಾಗಿಲ್ಲ. ಸೆಪ್ಟೆಂಬರ್ 25ರಂದು ಹೈಕೋರ್ಟ್ ಸಮೀಕ್ಷೆಗೆ ತಡೆ ಕೊಡಲಿಲ್ಲ. ಆದರೆ ಭಾಗವಹಿಸುವುದು ಸ್ವಇಚ್ಛೆ, ಮಾಹಿತಿ ಗೋಪ್ಯವಾಗಿರಬೇಕು ಎಂದು ಸ್ಪಷ್ಟವಾಗಿ ಹೇಳಿತು.

ಹಾಗಾದರೆ ನ್ಯಾಯವಾದ ಪ್ರತಿಫಲ ಯಾವುದು? ಕೊಟ್ಟ ಉತ್ತರದಿಂದ ಏನಾಯಿತು ಎಂಬ ಲೆಕ್ಕ. 2015ರಲ್ಲೂ ಇದೇ ಜನ ಬಾಗಿಲು ತೆರೆದು ಉತ್ತರ ಹೇಳಿದ್ದರು. ವರದಿ ಸರಕಾರದ ಕೈ ಸೇರಿದ್ದು 2024ರ ಫೆಬ್ರವರಿ 29ಕ್ಕೆ. 2025ರ ಜೂನ್‌ನಲ್ಲಿ, ಹೊಸದಾಗಿ ಸಮೀಕ್ಷೆ ಮಾಡುತ್ತೇವೆ ಎಂಬ ತೀರ್ಮಾನ ಬಂತು. ಹತ್ತು ವರ್ಷ ಕಾದವನ ಮನೆ ಬಾಗಿಲು ಮತ್ತೆ ತಟ್ಟಿದರೆ ಅವನು ಬೇಸರದಿಂದಲೇ ತೆರೆಯುತ್ತಾನೆ. ಅಂಥ ಬೇಸರ ಹತ್ತಿಪ್ಪತ್ತು ರೂಪಾಯಿಯಿಂದ ಹೋಗುವಂಥದ್ದಲ್ಲ.

ಆದರೂ ನಮ್ಮ ಮನೆಗಳು ಬಾಗಿಲು ಹಾಕಿಕೊಳ್ಳಬಾರದು. 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ಮುಸ್ಲಿಮರ 2ಬಿ ಶೇ. 4 ಮೀಸಲಾತಿ ರದ್ದು ಮಾಡಿದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಅಂಥ ಕಡೆ ನಮ್ಮ ಹಿಂದುಳಿದಿರುವಿಕೆಯನ್ನು ಅಂಕಿಅಂಶವೇ ಹೇಳಬೇಕು, ಭಾಷಣ ಸಾಲದು. ಉತ್ತರ ಸರಿಯಾಗಿ ಕೊಡೋಣ. ಕೊಟ್ಟದ್ದು ಅಮಾನತ್. ತೆಗೆದುಕೊಂಡವರು ಅದನ್ನು ಕಾಪಾಡಬೇಕು, ಲೆಕ್ಕವನ್ನೂ ಒಪ್ಪಿಸಬೇಕು. ಮುಂದಿನ ಸಲ ಮತ ಕೇಳಲು ಬಂದವರನ್ನು ಇದನ್ನೇ ಕೇಳಿ: ನಮ್ಮ ಉತ್ತರ ಏನಾಯಿತು?